ಕುಲಾವಿಗೆ ಗೊತ್ತಿಲ್ಲದ ದನಿ

ನಾಲ್ಕನೆಯ ತುಣುಕಿಗೆ ಗೂನು ಬಿತ್ತು.

ಇಂದುಮತಿ ಕಮ್ಮಾರ ಕುಲಾವಿ ಹಾಕಿಕೊಂಡೇ ಎದ್ದು ಪರದೆಯ ಹತ್ತಿರ ಹೋಗಲು ನೋಡಿದಳು. ತಂತಿ ಎಳೆದು ನಿಲ್ಲಿಸಿತು. ಕೂತಲ್ಲಿಂದಲೇ ಕುತ್ತಿಗೆ ಚಾಚಿದಳು. ಮೊದಲ ಮೂರು ತುಣುಕುಗಳಿಗೆ ಗೆರೆ ನೆಲದ ಹಾಗೆ ಸಪಾಟಾಗಿತ್ತು. ನಾಲ್ಕನೆಯದಕ್ಕೆ ಮಾತ್ರ ನಡುವೆ ಉಬ್ಬಿ ಇಳಿದಿತ್ತು. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಅದೇ ತುಣುಕನ್ನು ಇನ್ನೊಮ್ಮೆ ಓಡಿಸಿದಳು. ಅದೇ ಉಬ್ಬು, ಅದೇ ಜಾಗದಲ್ಲಿ.

ಅಂದರೆ ನಾಲ್ಕನೆಯ ದನಿ ಅವಳಿಗೆ ಪರಿಚಯದ್ದು.

ಹುಬ್ಬಳ್ಳಿಯ ದನಿ ಗುರುತು ಕೇಂದ್ರದಲ್ಲಿ ಅವಳು ಯಂತ್ರ ನಡೆಸುವವಳು. ಅಪರಾಧಕ್ಕೆ ಸಂಬಂಧಿಸಿದ ಫೋನ್ ಕರೆಗಳ ಧ್ವನಿಮುದ್ರಣ ಇಲ್ಲಿಗೆ ಬರುತ್ತದೆ. ಸಾಕ್ಷಿಯ ತಲೆಗೆ ನೂರಾರು ಸಣ್ಣ ಸಂವೇದಕಗಳಿರುವ ಬಟ್ಟೆಯ ಟೋಪಿ ಹಾಕುತ್ತಾರೆ. ತಯಾರಕರು ಅದಕ್ಕಿಟ್ಟ ಉದ್ದನೆಯ ಹೆಸರು ಯಾರಿಗೂ ನೆನಪಿಲ್ಲ. ಕೂಸುಗಳ ಟೋಪಿಯಂತೆ ಗದ್ದದ ಕೆಳಗೆ ಕಟ್ಟುವುದರಿಂದ ಎಲ್ಲರೂ ಕುಲಾವಿ ಅನ್ನುತ್ತಾರೆ. ಗೆರೆ ಉಬ್ಬಿದರೆ ಅದು ಗೂನು.

ಕಿವಿಗೆ ಬಿದ್ದ ಸದ್ದು ಮಿದುಳಿನ ಬುಡದಿಂದ ಮೇಲಕ್ಕೆ ನರಕೋಶದಿಂದ ನರಕೋಶಕ್ಕೆ ದಾಟುತ್ತ ಹೋಗುತ್ತದೆ. ಕೋಶಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಬಹಳ ಸಣ್ಣ ಸಂದು ಇರುತ್ತದೆ. ಈಚೆ ದಡದ ಕೋಶ ಒಂದಿಷ್ಟು ರಸಾಯನ ಸುರಿಯುತ್ತದೆ, ಆಚೆ ದಡದ್ದು ಅದನ್ನು ಹಿಡಿದು ಮುಂದೆ ಸಾಗಿಸುತ್ತದೆ. ಈ ಜೋಡಣೆಗೆ ಸಿನಾಪ್ಸ್ ಎಂದು ಹೆಸರು. ಒಂದೇ ದನಿ ಮತ್ತೆ ಮತ್ತೆ ಹಾದುಹೋದರೆ ಆ ದಾರಿಯ ಸಿನಾಪ್ಸ್‌ಗಳು ಬಲಿಯುತ್ತವೆ. ಆಮೇಲೆ ಸದ್ದನ್ನು ಕೇಳುವ ಭಾಗ ಮತ್ತು ಅದು ಯಾರ ದನಿ ಎಂದು ಇಟ್ಟುಕೊಂಡಿರುವ ಭಾಗ, ಎರಡೂ ಮನುಷ್ಯನನ್ನು ಕೇಳದೆಯೇ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ಆ ಮಾತುಕತೆಯನ್ನು ಕುಲಾವಿ ಕದ್ದು ಕೇಳುತ್ತದೆ.

ಸಾಕ್ಷಿಗೆ ಇಡೀ ಕರೆ ಕೇಳಿಸುವುದಿಲ್ಲ. ಮಾತನ್ನು ಚೂರು ಮಾಡಿ, ಬರೀ ಸ್ವರಗಳನ್ನು ಉಳಿಸಿ, ಗದ್ದಲದೊಳಗೆ ಹೂತು ಕೇಳಿಸುತ್ತಾರೆ. ಯಾರ ದನಿ ಎಂದು ಸಾಕ್ಷಿಗೇ ತಿಳಿಯುವುದಿಲ್ಲ. ಹಾಗಾಗಿ ಸುಳ್ಳು ಹೇಳಲು ಅವನಿಗೆ ಅವಕಾಶವೇ ಇಲ್ಲ. ಕೇಳಿಸಿಕೊಳ್ಳುವುದು ಹೇಳಿಕೆಯಲ್ಲ ಎಂದು ಕಾನೂನು ತೀರ್ಮಾನಿಸಿದ ಮೇಲೆ ಕುಲಾವಿ ಬೇಡ ಅನ್ನುವ ಹಕ್ಕೂ ಯಾರಿಗೂ ಉಳಿಯಲಿಲ್ಲ. ತಾಯಿಗೂ ಇಲ್ಲ, ಹೆಂಡತಿಗೂ ಇಲ್ಲ.

ಯಂತ್ರ ಸರಿಯಿದೆಯೇ ಎಂದು ದಿನಾ ಬೆಳಿಗ್ಗೆ ಗೊಂಬೆತಲೆಯ ಮೇಲೆ ನೋಡಬೇಕೆಂದು ನಿಯಮ. ಗೊಂಬೆತಲೆ ರಿಪೇರಿಗೆ ಹೋದದ್ದು ವಾಪಸು ಬಂದಿರಲಿಲ್ಲ. ಮುಖ್ಯಸ್ಥೆ ಬೇಡವೆಂದರೂ ಯಂತ್ರ ನಡೆಸುವವರು ದಿನದ ತುಣುಕುಗಳನ್ನು ತಮ್ಮ ತಲೆಯ ಮೇಲೆಯೇ ಓಡಿಸುವುದು ಕೇಂದ್ರದಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಕಳ್ಳರು, ಪುಂಡರು ಯಾರೂ ಅವರಿಗೆ ಪರಿಚಯವಿರುವುದಿಲ್ಲ. ಗೆರೆ ಸಪಾಟಾಗಿ ಬಂದರೆ ಯಂತ್ರ ಸರಿ.

"ಎಲ್ಲ ಸರಿ ಉಂಟಾ?" ಡಾ. ಫ್ಲೋರಿನ್ ಮಿನೇಜಸ್ ಬಾಗಿಲಲ್ಲಿ ನಿಂತು ಕೇಳಿದರು. ಕೇಂದ್ರದ ಮುಖ್ಯಸ್ಥೆ, ಮಂಗಳೂರಿನವರು.

"ಸರಿ ಐತ್ರಿ ಮೇಡಂ," ಎಂದು ಇಂದುಮತಿ ಕುಲಾವಿಯ ದಾರ ಬಿಚ್ಚಿದಳು. ಯಾಕೆ ಹಾಗೆ ಹೇಳಿದಳೆಂದು ಆಗ ಅವಳಿಗೂ ತಿಳಿಯಲಿಲ್ಲ.

ತುಣುಕುಗಳ ಮೇಲೆ ಹೆಸರಿರುವುದಿಲ್ಲ, ಅಂಕಿ ಮಾತ್ರ. ಬೆಳಗಿನ ಕೆಲಸವೆಲ್ಲ ಅವಳ ಕೈಯಿಂದ ತಪ್ಪುತಪ್ಪಾಗಿ ಆಯಿತು. ತನಗೆ ಪರಿಚಯವಿರುವ ಗಂಡಸರನ್ನು ನೆನಪು ಮಾಡಿಕೊಂಡಳು. ಓಣಿಯ ಕಿರಾಣಿಯವನು, ಸೋದರಮಾವ, ಹಳೆಯ ಮೇಷ್ಟ್ರು. ಹೆಚ್ಚು ಮಂದಿ ಸಿಗಲಿಲ್ಲ. ಕುಲಾವಿ ಬಂದ ಮೇಲೆ ಊರಿನ ಗಂಡಸರು ಗಟ್ಟಿಯಾಗಿ ಮಾತಾಡುವುದನ್ನೇ ಬಿಟ್ಟಿದ್ದರು. ಪಿಸುಮಾತಿನಲ್ಲಿ ಗಂಟಲ ತಂತಿಗಳು ನಡುಗುವುದಿಲ್ಲ, ಬರೀ ಗಾಳಿ ಹೊರಬರುತ್ತದೆ. ಗಾಳಿಗೆ ಗುರುತಿಲ್ಲ. ಮೊದಮೊದಲು ಇಸ್ಪೀಟು ಆಡುವವರು, ಕಳ್ಳ ಮಾಲು ಸಾಗಿಸುವವರು ಪಿಸುಗುಟ್ಟಿದರು. ಆಮೇಲೆ ಅವರ ಜೊತೆ ಚಹಾ ಕುಡಿಯುವವರು. ಈಗ ದುರ್ಗದ ಬೈಲಿನಲ್ಲಿ ಗಿರಾಕಿಗಳು ಪಿಸುಗುಟ್ಟಿಯೇ ಚೌಕಾಸಿ ಮಾಡುತ್ತಾರೆ, ಬಸ್ಸಿನಲ್ಲಿ ಕಾಲು ತುಳಿದರೆ ಪಿಸುಗುಟ್ಟಿಯೇ ಬೈಯುತ್ತಾರೆ. ಕಾಲೇಜಿನ ಹುಡುಗರಿಗೆ ಅದು ಠೀವಿ. ಬಾಯಿ ಬಿಟ್ಟು ಮಾತಾಡುವವನು ಹಳ್ಳಿಯಿಂದ ಹೊಸದಾಗಿ ಬಂದವನು ಎಂದು ಲೆಕ್ಕ.

ಮಧ್ಯಾಹ್ನಕ್ಕೆ ಮೊದಲೇ ಅವ್ವನ ಫೋನು ಬಂತು.

"ದಾನೇಶನ್ನ ಪೊಲೀಸರು ಕರಕೊಂಡು ಹೋದ್ರು. ಉಣ್ಣಾಕ ಕುಂತಿದ್ದ. ತಾಟು ಹಂಗಾ ಐತಿ."

ದಾನೇಶ ಇಂದುಮತಿಯ ತಮ್ಮ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದವರು ಮೂವರೇ. ಅವ್ವ ನೀಲವ್ವ ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದು ಕೊಡುತ್ತಾಳೆ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಹಡಪದ ಕುರ್ಚಿ ತೋರಿಸಿದ. ಅವನು ಎಲ್ಲರೊಂದಿಗೂ ಗಟ್ಟಿಯಾಗಿಯೇ ಮಾತಾಡುತ್ತಿದ್ದ. ಪೊಲೀಸರಿಗೆ ಪಿಸುಮಾತು ನಿಷಿದ್ಧ.

"ನೀವು ಕೇಂದ್ರದಾಗ ಇರೋರಂತ ಹೇಳಾಕತ್ತೀನ್ರಿ ತಂಗಿ. ಮೆಣಸಿನಕಾಯಿ ಗೋದಾಮಿನ ವಾಚ್‌ಮನ್ ಕೇಸು. ಯಾವನೋ ಫೋನ್ ಹಚ್ಚಿ, ನಾ ಸಾವ್ಕಾರ್ರ ಮನೀಂದ ಮಾತಾಡೂದು, ಲಾರಿ ಬಂದೈತಿ, ಗೇಟ್ ತಗೀ ಅಂದಾನ. ಮುದುಕ ತಗದಾನ. ನಾಕು ಮಂದಿ ಒಳಗ ಹೊಕ್ಕು ತಲಿ ಒಡದು, ಮಾಲು ಹೊತ್ಕೊಂಡು ಹೋಗ್ಯಾರ. ಇನ್ನೂ ಎಚ್ಚರ ಆಗಿಲ್ಲ ಅಂವಗ."

"ಇದರಾಗ ನಮ್ಮ ತಮ್ಮ ಎಲ್ಲಿ ಬಂದನ್ರಿ?"

"ನಾಕೂ ಮಂದಿ ಅವನ ದೋಸ್ತರು. ಇಬ್ಬರು ಸಿಕ್ಕಾರ. ಫೋನ್ ಮಾಡಿದಂವ ಯಾರು ಅಂದ್ರ ಬಾಯಿ ಬಿಡವಲ್ರು. ನಿಮ್ಮ ತಮ್ಮನ ದನಿ ತಗೋಬೇಕಂದ್ರ ಅಂವ ಬರೇ ಪಿಸ್ ಪಿಸ್ ಅಂತಾನ. ಒತ್ತಾಯ ಮಾಡಾಕ ಕಾನೂನಿಲ್ಲ. ಇರ್ಲಿ. ನಾಳೆ ನಿಮ್ಮ ಅವ್ವಾರನ್ನ, ನಿಮ್ಮನ್ನ ಕುಲಾವಿಗೆ ಕುಂದ್ರಸ್ತೀವಿ. ತುಣುಕು ನಿಮ್ಮ ಆಫೀಸಿಗೆ ಬಂದೈತಲ್ಲ, ಇವತ್ತಿನ ನಾಲ್ಕನೇದು."

ಇಂದುಮತಿ ಅವನ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಕೇಳದೆಯೇ ಎತ್ತಿ ಕುಡಿದಳು.

ನಿಯಮ ಅವಳಿಗೆ ಗೊತ್ತಿತ್ತು. ಆರೋಪಿಯ ಮನೆಯವರಲ್ಲಿ ಇಬ್ಬರಿಗೆ ಗೂನು ಬಿದ್ದರೆ ಆ ದನಿ ಆರೋಪಿಯದೇ ಎಂದು ನ್ಯಾಯಾಲಯ ಒಪ್ಪುತ್ತದೆ. ಎರಡು ಧ್ವನಿಮುದ್ರಣಗಳನ್ನು ಯಂತ್ರದಲ್ಲಿ ಹೋಲಿಸಿದ್ದು ಬರೀ ಸುಳಿವು, ಸಾಕ್ಷ್ಯವಲ್ಲ. ಒಂದು ಗೂನು ಆಗಲೇ ಬಿದ್ದಿತ್ತು. ಅವಳೊಬ್ಬಳಿಗೆ ಮಾತ್ರ ಅದು ಗೊತ್ತಿತ್ತು.

ಸಂಜೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಖಾನಾವಳಿಯವರಿಗೆ ಮಗ ಠಾಣೆಯಲ್ಲಿದ್ದಾನೆ ಎಂಬ ನೆವ ನಡೆಯುವುದಿಲ್ಲ. ಇಂದುಮತಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಬೆಂದ ರೊಟ್ಟಿಗಳನ್ನು ಆರಲು ಹರಡಿದಳು. ದಾನೇಶನ ತಾಟು ಮೂಲೆಯಲ್ಲಿ ಹಾಗೇ ಇತ್ತು, ಪಲ್ಯದ ಮೇಲೆ ನೊಣ.

"ನಾಳೆ ನನ್ನ ತಲಿ ಏನ್ ಹೇಳ್ತೈತಿ?" ಎಂದು ಅವ್ವ ಕೇಳಿದಳು.

"ಗೂನು ಬೀಳ್ತೈತಿ."

"ನಿನಗ ಹೆಂಗ ಗೊತ್ತು?"

"ನನಗ ಬಿದ್ದೈತಿ. ಮುಂಜಾನೆ. ಯಾರದು ಅಂತ ಗೊತ್ತಿರ್ಲಿಲ್ಲ."

ಅವ್ವನ ಕೈ ನಿಂತಿತು. ಕೊಣಮಿಗೆಯಲ್ಲಿದ್ದ ಹಿಟ್ಟನ್ನು ನೋಡಿದಳು, ಮಗಳನ್ನು ನೋಡಿದಳು. "ಅಂದ್ರ ಆ ಫೋನ್ ಮಾಡಿದ್ದು ನಮ್ಮ ಹುಡುಗನಾ ಅಂತೀ?"

"ಯಂತ್ರ ಅಂತೈತಿ."

"ನಿನ್ನ ಯಂತ್ರಕ್ಕ ಬೆಂಕಿ ಹಚ್ಚಲಿ. ಅವನ ದನಿ ನಾ ಯಾವಾಗ ಕೇಳೀನಿ? ಹತ್ತನೇತ್ತ ಪಾಸಾದ ಮ್ಯಾಲೆ ಒಂದರ ಮಾತು ಬಾಯಿ ಬಿಟ್ಟು ಆಡ್ಯಾನೇನು? ಸಾರು ಬೇಕಂದ್ರೂ ಹಾವು ಬುಸುಗುಟ್ಟಿದಂಗ ಬುಸುಗುಡ್ತಾನ. ನನ್ನ ಕಿವ್ಯಾಗ ಇನ್ನೂ ಅವನ ಹೆಣ್ಣುದನಿ ಐತಿ. ಸಾಲಿಯಿಂದ ಬಂದು ಪಾಟೀಚೀಲ ಒಗದು, ಯವ್ವಾ ಹಸದೈತಿ ಅಂತಿದ್ದ ನೋಡು, ಅದು."

ಇಂದುಮತಿಯ ಕೈಯಲ್ಲಿದ್ದ ರೊಟ್ಟಿ ಮುರಿಯಿತು.

ಅವಳು ಮೂರು ವರ್ಷಗಳನ್ನು ಹಿಂದಕ್ಕೆ ತಡಕಿದಳು. ದಾನೇಶನ ಮೀಸೆ ಚಿಗುರಿದ್ದು ನೆನಪಿತ್ತು, ಎತ್ತರ ಬೆಳೆದು ಬಾಗಿಲಿಗೆ ತಲೆ ತಾಗಿಸಿಕೊಂಡದ್ದು ನೆನಪಿತ್ತು. ದನಿ ಒಡೆದದ್ದು ನೆನಪಿರಲಿಲ್ಲ. ಅವಳು ಕೇಂದ್ರಕ್ಕೆ ಸೇರಿದ ತಿಂಗಳೇ ಅವನು ಪಿಸುಗುಡಲು ಶುರುಮಾಡಿದ್ದ. ಹುಡುಗನ ದನಿ ಹೋಗಿ ಗಂಡಸಿನ ದನಿ ಬಂದದ್ದು ಮನೆಯ ಹೊರಗೆಲ್ಲೋ ನಡೆದಿತ್ತು. ಆ ದನಿಗೆ ಅವಳ ತಲೆಯಲ್ಲಿ ದಾರಿಯೇ ಇರಲಿಲ್ಲ.

ಇಲ್ಲದ ದಾರಿಯಲ್ಲಿ ಗೂನು ಬೀಳಲು ಸಾಧ್ಯವಿಲ್ಲ. ನಾಲ್ಕನೆಯ ತುಣುಕು ಅವನದಲ್ಲ.

ಅಥವಾ ಅವನು ಮಾಳಿಗೆಯ ಮೇಲೆ ಫೋನಿನಲ್ಲಿ, ಓಣಿಯ ತುದಿಯಲ್ಲಿ, ಅವಳು ಒಳಗೆ ಬಟ್ಟೆ ಒಗೆಯುತ್ತಿದ್ದಾಗ ಎಷ್ಟೋ ಸಲ ಬಾಯಿ ಬಿಟ್ಟು ಮಾತಾಡಿರಬಹುದು. ಅವಳು ಗಮನ ಕೊಟ್ಟಿಲ್ಲದಿದ್ದರೂ ಸಿನಾಪ್ಸ್‌ಗಳು ಕೊಟ್ಟಿರಬಹುದು. ಅವಕ್ಕೆ ಗಮನ ಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ನೀಲವ್ವ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು ಕೇಂದ್ರಕ್ಕೆ ಬಂದಳು. ಕುಲಾವಿ ಕೂರಲಿ ಎಂದು ಹುಡುಗಿಯೊಬ್ಬಳು ಅವಳ ತುರುಬು ಬಿಚ್ಚಿದಳು. ನಾಲ್ಕನೆಯ ತುಣುಕು ಓಡಿತು. ಗೂನು. ಆಮೇಲೆ ಇಂದುಮತಿ ಕೂತಳು. ಗೂನು.

"ಆತಲ್ಲ," ಎಂದು ಹಡಪದ ಎದ್ದು ಪ್ಯಾಂಟು ಸರಿಮಾಡಿಕೊಂಡ.

"ಮೇಡಂ, ಒಂದು ಮಾತು," ಎಂದಳು ಇಂದುಮತಿ. "ಈ ತುಣುಕಿಗೆ ನಿನ್ನೆ ಮುಂಜಾನೆನೂ ನನಗ ಗೂನು ಬಿದ್ದಿತ್ತು. ಯಾರ ಕೇಸಂತ ಗೊತ್ತಾಗೂಕಿಂತ ಮೊದಲ."

ಡಾ. ಮಿನೇಜಸ್ ಕನ್ನಡಕ ತೆಗೆದರು. "ನಿನ್ನ ತಲೆಗೆ ಹಾಕ್ಕೊಂಡು ನೋಡ್ಬೇಡ ಅಂತ ಎಷ್ಟು ಸಲ ಹೇಳಿದ್ದೇನೆ ಮಾರಾಯ್ತಿ? ದಿನಾ ಊರಿನ ಪುಂಡರ ದನಿ ಎಲ್ಲ ಕೇಳಿದ್ರೆ ನಾಳೆ ಅವರೆಲ್ಲ ನಿನ್ನ ಸಂಬಂಧಿಕರಾಗ್ತಾರೆ."

"ತಪ್ಪಾತ್ರಿ. ಆದ್ರ ದಾನೇಶನ ದನಿ ನನಗ ಗೊತ್ತಿಲ್ಲ. ಅವ್ವಗೂ ಗೊತ್ತಿಲ್ಲ. ದನಿ ಒಡದ ಮ್ಯಾಲೆ ಅಂವ ನಮ್ಮ ಮುಂದ ಮಾತಾಡಿಲ್ಲ. ಅವನ ದನಿ ಹೊಸದಾಗಿ ತಗೊಂಡು ನಮ್ಮಿಬ್ಬರಿಗೂ ಕೇಳಸ್ರಿ. ಸಪಾಟ್ ಬಂದ್ರ ನಾಲ್ಕನೇದು ಅವನದಲ್ಲ."

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಲೆಕ್ಕ ಸರಿ ಉಂಟು," ಎಂದು ಹಡಪದನ ಕಡೆ ತಿರುಗಿದರು.

"ಅಂವ ಬಾಯಿ ಬಿಡಬೇಕಲ್ರಿ ಮೇಡಂ."

"ನಾ ಬಿಡಸ್ತೀನಿ," ಎಂದಳು ಇಂದುಮತಿ.

ಹಡಪದ ನಕ್ಕ. ಇದರಲ್ಲಿ ಅವನಿಗೆ ನಷ್ಟವೇನೂ ಇರಲಿಲ್ಲ. ಗೂನು ಬಿದ್ದರೆ ಎರಡರ ಜಾಗದಲ್ಲಿ ನಾಲ್ಕು ಸಿಕ್ಕಂತೆ.

ಮಧ್ಯಾಹ್ನ ದಾನೇಶನನ್ನು ಕರೆತಂದರು. ಸಾಕ್ಷಿಗಳು ಕಾಯುವ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಿಸಿ, ಕಾನ್‌ಸ್ಟೇಬಲ್ ಬಾಗಿಲ ಹೊರಗೆ ನಿಂತ. ದಾನೇಶನ ಒಂದು ಕಿವಿ ಊದಿತ್ತು. ಇಂದುಮತಿ ಅದನ್ನು ನೋಡಿದಳು, ಕೇಳಲಿಲ್ಲ.

"ಮಾತಾಡು," ಎಂದಳು.

"ಯಾಕ, ನಿನ್ನ ಯಂತ್ರಕ್ಕ ಇನ್ನೂ ಹೊಟ್ಟಿ ತುಂಬಿಲ್ಲೇನು?" ಅವನು ಪಿಸುಗುಟ್ಟಿದ.

"ನಿನ್ನ ದನಿ ನನಗ ಗೊತ್ತಿಲ್ಲ ದಾನ್ಯಾ. ಅದನ್ನಾ ತೋರಿಸಬೇಕಾಗೇತಿ."

ಅವನು ನಕ್ಕ. ನಗುವೂ ಬರೀ ಉಸಿರು. "ತಮ್ಮನ ದನಿ ಅಕ್ಕಗ ಗೊತ್ತಿಲ್ಲ ಅಂತ ಕೋರ್ಟಿನ್ಯಾಗ ಹೇಳ್ತೀ? ಮಂದಿ ನಗ್ತಾರ."

"ನಗಲಿ."

"ಗೂನು ಬಿತ್ತಂದ್ರ?"

"ಆ ಫೋನ್ ನೀ ಮಾಡೀ ಏನು?"

"ಮಾಡಿದ್ರ ನಿನಗ ಹೇಳ್ತೀನೇನು? ನಿನ್ನ ತಲಿ ಸರ್ಕಾರದ್ದು. ನೀ ಇಲ್ಲಿ ಸೇರಿದ ದಿನಾನ ದೋಸ್ತರು ಅಂದ್ರು, ನಿಮ್ಮಕ್ಕ ಕುಲಾವಿ ಆಫೀಸಿನ್ಯಾಗ ಅದಾಳ, ಮನ್ಯಾಗ ಬಾಯಿ ತಗದ್ರ ನಮ್ಮ ಕೂಡ ಬರಬ್ಯಾಡ ಅಂತ."

"ಅವರ ಸಲುವಾಗಿ ಅವ್ವನ ಕೂಡ ಮಾತು ಬಿಟ್ಟಿ."

"ಅವ್ವ ಕಾಲೇಜಿಗೆ ಬರ್ತಾಳೇನು ನನ್ನ ಕೂಡ? ಇಡೀ ದಿನ ಒಬ್ಬನಾ ಕುಂದ್ರಬೇಕು. ಬಾಯಿ ಬಿಟ್ಟರ ದೋಸ್ತರಿಲ್ಲ, ಬಿಡದಿದ್ರ ಮನಿ ಇಲ್ಲ. ಯಾವುದು ಚೊಲೊ, ನೀನಾ ಹೇಳು."

ಅವಳ ಪಗಾರದಿಂದಲೇ ಅವನ ಫೀ ಕಟ್ಟಿದ್ದು. ಅದನ್ನು ಎತ್ತಿ ಆಡುವ ಹೊತ್ತು ಅದಾಗಿರಲಿಲ್ಲ.

"ಕೇಳಿಲ್ಲಿ. ಎರಡು ಗೂನು ಬಿದ್ದಾವು. ಅವ್ವಂದೊಂದು, ನಂದೊಂದು. ಸಂಜೀಕ ನಿನ್ನ ಹೆಸರು ಹಚ್ಚತಾರ. ಮುದುಕ ಸತ್ತರ ಕೊಲಿ ಕೇಸು. ಬಾಯಿ ಮುಚ್ಕೊಂಡು ಕುಂತರ ಒಳಗ ಹೋಗೂದು ಖರೇನ. ಮಾತಾಡಿದ್ರ ಒಂದ್ ವೇಳೆ ಉಳೀತಿ. ನಾ ಆಣಿ ಪಾಣಿ ಮಾಡೂದಿಲ್ಲ. ನಿನ್ನ ದನಿ ಎಲ್ಲೆರ ಕೇಳಿದ್ದರ ನನಗಾ ಗೊತ್ತಿಲ್ಲ."

ಅವನು ಗೋಡೆಗೆ ತಲೆ ಆನಿಸಿ ಸೂರು ನೋಡಿದ. ಕಾಲು ಅಲುಗುತ್ತಲೇ ಇತ್ತು.

"ನೀ ಹೊರಗ ಹೋಗು," ಎಂದ. "ಪೂರಾ ಮಾತು ಕೇಳಬ್ಯಾಡ."

ಧ್ವನಿಮುದ್ರಣ ಕೋಣೆಗೆ ಗಾಜಿನ ಕಿಟಕಿ ಇತ್ತು. ಅವನ ದನಿ ಮೊದಲೇ ಕಿವಿಗೆ ಬೀಳದಿರಲೆಂದು ಇಂದುಮತಿ ಹೆಡ್‌ಫೋನಿನಲ್ಲಿ ಗದ್ದಲ ತುಂಬಿಕೊಂಡು ಹೊರಗೆ ನಿಂತಳು. ಅವನ ಮುಂದೆ ಓದಲು ಕೊಟ್ಟ ಹಾಳೆ ಇತ್ತು. ಅವನು ಅದನ್ನು ನೋಡುತ್ತಿರಲಿಲ್ಲ. ತುಟಿ ಅಲುಗಿತು. ನಿಂತಿತು. ಕೆಮ್ಮಿದ. ಮತ್ತೆ ಶುರುವಾಯಿತು. ಕುತ್ತಿಗೆಯ ಗಂಟು ಮೇಲೆ ಕೆಳಗೆ ಆಡುವುದನ್ನು ಅವಳು ನೋಡಿದಳು. ಅದು ಅಷ್ಟು ದೊಡ್ಡದಾಗಿದೆ ಎಂದೂ ಅವಳಿಗೆ ಗೊತ್ತಿರಲಿಲ್ಲ.

ತುಣುಕು ತಯಾರಾಗಲು ಹೊತ್ತು ಹಿಡಿಯಿತು. ಅವಳು ಕುಲಾವಿ ಕಟ್ಟಿಸಿಕೊಂಡು ಕೂತಳು. ಗದ್ದಲದ ನಡುವೆ ಒಂದು 'ಆ' ಬಂತು, ಕೆಳಗಿನಿಂದ, ಬಾವಿಯೊಳಗಿನಿಂದ ಬಂದಂತೆ. ಆಮೇಲೆ ಒಂದು 'ಓ'. ಮತ್ತೆ ಗದ್ದಲ. ಚೂರು ಚೂರಾಗಿ, ಬ್ಲೇಡಿನಿಂದ ಕೊಯ್ದಂತೆ ಒಬ್ಬ ಗಂಡಸಿನ ದನಿ. ಅವಳು ಅದರಲ್ಲಿ ಅಪ್ಪನನ್ನು ಹುಡುಕಿದಳು, ಚಿಕ್ಕ ದಾನೇಶನನ್ನು ಹುಡುಕಿದಳು. ಯಾರೂ ಸಿಗಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತ ಯಾರೋ.

"ಸಪಾಟು," ಎಂದರು ಡಾ. ಮಿನೇಜಸ್. ಮತ್ತೊಮ್ಮೆ ಓಡಿಸಿದರು. "ಪೂರ್ತಿ ಸಪಾಟು."

ಇಂದುಮತಿ ದಾರ ಬಿಚ್ಚಿಕೊಂಡು ಎದ್ದಳು. ಹುಡುಗಿ ಅವ್ವನನ್ನು ಆ ಕುರ್ಚಿಯಲ್ಲಿ ಕೂರಿಸಿದಳು.

ನೀಲವ್ವನಿಗೂ ಸಪಾಟು. ಡಾಕ್ಟರು ಹೇಳುತ್ತಿದ್ದಂತೆ ಅವಳು ಕುಲಾವಿಯ ದಾರವನ್ನು ತಾನೇ ಎಳೆದು ಬಿಚ್ಚಿಕೊಂಡಳು.

"ಸುಳ್ಳು. ನನಗ ಗೊತ್ತಾತು. ನನ್ನ ಮಗಂದು ಅದು."

"ಅಮ್ಮ, ಗೆರೆ ನೋಡಿ. ನಿಮಗೆ ಗೊತ್ತಾಗ್ಲಿಲ್ಲ."

"ಗೆರಿ ಹಡದೈತೇನ್ರಿ ಅವನ್ನ? ನಾ ಹಡದೀನಿ. ನನಗ ಗೊತ್ತಾತು ಅಂತ ಬರೀರಿ."

"ಯವ್ವಾ, ಸುಮ್ನಿರು," ಎಂದು ಇಂದುಮತಿ ಅವಳ ತೋಳು ಹಿಡಿದಳು. "ಗೊತ್ತಾತು ಅಂದ್ರ ಅಂವ ಒಳಗ ಹೋಗ್ತಾನ."

"ಗೊತ್ತಿಲ್ಲ ಅಂತ ನಾ ಹೆಂಗ ಹೇಳ್ಲಿ? ಹೆತ್ತಾಕಿಗೆ ಮಗನ ದನಿ ಗೊತ್ತಿಲ್ಲಂತ ಊರೆಲ್ಲ ಸಾರಾಕ ಕರದೀ ಏನ್ ನನ್ನ?" ನೀಲವ್ವ ಮಗಳ ಕೈ ಕೊಡವಿದಳು. ಬಿಚ್ಚಿದ ಕೂದಲನ್ನು ಒಟ್ಟುಮಾಡಿ ತುರುಬು ಕಟ್ಟಲು ನೋಡಿದಳು; ಗಂಟು ಬೀಳಲಿಲ್ಲ. ಹಾಗೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಹಡಪದನ ಮುಖ ಕೆಟ್ಟಿತ್ತು. "ಮತ್ತ ನಾಲ್ಕನೇದು ಯಾರದ್ರಿ? ತಾಯಿ ಮಗಳು ಇಬ್ಬರಿಗೂ ಗೊತ್ತಿರಾಂವ ಯಾರು?"

"ನಿಮಗೂ ಗೊತ್ತುಂಟೋ ಏನೋ," ಎಂದರು ಡಾ. ಮಿನೇಜಸ್. ವ್ಯಂಗ್ಯವಾಗಿ ಅಂದದ್ದು. ಹಡಪದ ಅದನ್ನು ಪಂಥವಾಗಿ ತೆಗೆದುಕೊಂಡು, ಟೋಪಿ ತೆಗೆದಿಟ್ಟು ಕುರ್ಚಿಯ ಮೇಲೆ ಕೂತ. ಕುಲಾವಿ ಅವನ ತಲೆಗೆ ಸಣ್ಣದಾಯಿತು. ತುಣುಕು ಓಡಿತು.

ಗೂನು ಬಿತ್ತು.

ಯಾರೂ ನಗಲಿಲ್ಲ. ಡಾಕ್ಟರು ತಾವೇ ಕೂತರು. ಅವರಿಗೂ ಬಿತ್ತು. ಕುಲಾವಿ ಕಟ್ಟುವ ಹುಡುಗಿಗೆ ಬಿತ್ತು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ಲನ್ನು ಒಳಗೆ ಕರೆದರು. ಅವನು ಮೊನ್ನೆಯಷ್ಟೇ ಚಾಮರಾಜನಗರದಿಂದ ವರ್ಗವಾಗಿ ಬಂದವನು. ಅವನೊಬ್ಬನಿಗೆ ಸಪಾಟು.

"ಅಂದ್ರ ಇದು ಊರಿಗೆಲ್ಲ ಗೊತ್ತಿರೋ ದನಿ," ಎಂದು ಇಂದುಮತಿ ನಿಧಾನವಾಗಿ ಹೇಳಿದಳು. ಗಂಡಸರೆಲ್ಲ ಪಿಸುಗುಡುವ ಊರಿನಲ್ಲಿ ಎಲ್ಲರ ಕಿವಿಗೂ ಬೀಳುವ ಗಂಡುದನಿಗಳು ಎಷ್ಟಿವೆ? ಬಸ್ ನಿಲ್ದಾಣದ ಪ್ರಕಟಣೆ. ರೈಲು ನಿಲ್ದಾಣದ್ದು. ಬೆಳಿಗ್ಗೆ ಓಣಿ ಓಣಿಗೆ ಬರುವ ಕಸದ ಗಾಡಿಯ ಮೈಕು. ಮೂರನ್ನೂ ತರಿಸಿ ಇಡೀ ಕರೆಯ ಪಕ್ಕದಲ್ಲಿಟ್ಟು ಯಂತ್ರದಲ್ಲಿ ಹೋಲಿಸಿದರು. ಕಸದ ಗಾಡಿಯದು ಕೂಡಿತು.

ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ ಎಂದು ರಾಗವಾಗಿ ಹೇಳುವ ಆ ದನಿ ಕಂಪನಿ ನಾಟಕಗಳಲ್ಲಿ ಸಾವುಕಾರನ ಪಾತ್ರ ಮಾಡುತ್ತಿದ್ದ ಒಬ್ಬ ನಟನದು. ಸಂಜೆಯೊಳಗೆ ಅವನನ್ನು ಹಿಡಿದರು. ಸಾವುಕಾರನ ಗತ್ತು ಬೇಕಾದ್ದರಿಂದ ಹುಡುಗರು ಅವನನ್ನು ಹುಡುಕಿಕೊಂಡು ಹೋಗಿದ್ದರು. ವಾಚ್‌ಮನ್ ಮುದುಕ ಅಪರಿಚಿತ ಕರೆಗೆ ಗೇಟು ತೆಗೆದದ್ದು ಯಾಕೆಂಬುದೂ ಆಗ ತಿಳಿಯಿತು. ದಿನಾ ಬೆಳಿಗ್ಗೆ ಕೇಳುವ ದನಿ. ಯಾರದೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಗೊತ್ತಿರುವವನು ಎಂದು ತಲೆ ಹೇಳಿರಬೇಕು, ಕೈ ಚಿಲಕ ತೆಗೆದಿರಬೇಕು.

ಡಾ. ಮಿನೇಜಸ್ ಅಂದು ಬಹಳ ಹೊತ್ತು ಹಳೆಯ ಪ್ರಕರಣಗಳನ್ನು ತೆರೆದು ಕೂತಿದ್ದರು. ಗೂನು ಬಿದ್ದದ್ದಕ್ಕೆ ಒಳಗೆ ಹೋದವರು ಕಡಿಮೆಯೇನಿರಲಿಲ್ಲ. ಇಂದುಮತಿ ಹೊರಡುವಾಗ ಅವರು ತಲೆ ಎತ್ತಲಿಲ್ಲ. "ನಾಳೆ ಬೇಗ ಬಾ," ಎಂದರು ಅಷ್ಟೆ.

ದಾನೇಶನನ್ನು ಬಿಡುವಾಗ ಹಡಪದ ಗೇಟಿನವರೆಗೆ ಬಂದ. ಸೋತ ಗಂಡಸು ನಗಲು ನೋಡುವಂತೆ ನಕ್ಕ.

"ಅವನ ಇಬ್ಬರು ದೋಸ್ತರು ಇನ್ನೂ ಹೊರಗ ಅದಾರ್ರಿ ತಂಗಿ. ಇಂವ ಮತ್ತ ಅವರ ಕೂಡ ಹೋಗೂದು ಬಿಡೂದಿಲ್ಲ, ನೋಡ್ರಿ ಬೇಕಾದ್ರ. ಇನ್ನ ಮನ್ಯಾಗ ಚೊಲೊತ್ನಂಗ ಮಾತಾಡಸ್ರಿ. ಮುಂದ ನಮಗೂ ಅನುಕೂಲ ಆಕ್ಕೈತಿ."

ಅವನು ತಮಾಷೆಗೇ ಅಂದದ್ದು. ಇಂದುಮತಿಗೆ ದಾರಿಯುದ್ದಕ್ಕೂ ಅದೇ ಕೊರೆಯಿತು.

ಮನೆಗೆ ಬಂದಾಗ ನಳಕ್ಕೆ ನೀರು ಬಂದಿತ್ತು. ಅವರ ಓಣಿಗೆ ವಾರಕ್ಕೊಮ್ಮೆ ನೀರು, ಅದೂ ಒಂದೆರಡು ತಾಸು. ನೀಲವ್ವ ಆಗಲೇ ಪೀಪಾಯಿ, ಹಂಡೆ ತುಂಬಿಸಿ, ಖಾಲಿ ಕೊಡಗಳನ್ನು ಹಿತ್ತಲಲ್ಲಿ ಸಾಲಾಗಿ ಇಟ್ಟಿದ್ದಳು. ದಾನೇಶ ಕೈಕಾಲು ತೊಳೆದು ಬಂದು ತಾಟಿನ ಮುಂದೆ ಕೂತ. ಅವ್ವ ಅವನ ಮುಖ ನೋಡಲಿಲ್ಲ. ಬಿಸಿರೊಟ್ಟಿ ಹಾಕಿ, ಎಣಗಾಯಿ ಬಡಿಸಿ, ಬೆನ್ನು ತಿರುಗಿಸಿ ಕೂತಳು.

"ಯವ್ವಾ, ಖಾರ ಭಾಳ ಆಗೇತಿ," ಎಂದ ದಾನೇಶ.

ಗಟ್ಟಿಯಾಗಿ ಅಂದ.

ನೀಲವ್ವ ತಿರುಗಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಮೊಸರು ಹಾಕ್ಕೊ," ಎಂದಳು. ಆಮೇಲೆ, "ಇನ್ನೊಮ್ಮೆ ಅನ್ನು."

"ಏನನ್ಲಿ?"

"ಏನರ ಅನ್ನು."

ಅವನು ನಕ್ಕು ಮಾತಾಡತೊಡಗಿದ. ಲಾಕಪ್ಪಿನ ಸೊಳ್ಳೆಗಳ ಬಗ್ಗೆ, ಪಕ್ಕದಲ್ಲಿ ಮಲಗಿದ್ದ ಜೇಬುಗಳ್ಳನ ಗೊರಕೆಯ ಬಗ್ಗೆ. ದನಿ ಅವನ ಕೈಗೆ ಹೊಸದಾಗಿ ಸಿಕ್ಕ ಸೈಕಲ್ಲಿನಂತಿತ್ತು. ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಗೊತ್ತಾಗದೆ ಅಡ್ಡಾದಿಡ್ಡಿ ಓಡುತ್ತಿತ್ತು. ನೀಲವ್ವ ಒಲೆ ಆರಿದ್ದನ್ನೂ ನೋಡದೆ ಅವನ ಬಾಯನ್ನೇ ನೋಡುತ್ತಿದ್ದಳು. ಇಂದುಮತಿಯ ಕೈಯಲ್ಲಿ ತುತ್ತು ಹಾಗೇ ಉಳಿಯಿತು. ಪ್ರತಿ ಮಾತೂ ಒಂದು ಸಂದು ದಾಟುತ್ತಿತ್ತು. ಪ್ರತಿ ಸಲ ದಾಟಿದಾಗಲೂ ದಾರಿ ಒಂದಿಷ್ಟು ಬಲಿಯುತ್ತಿತ್ತು. ಇನ್ನೊಂದು ವಾರ ಹೀಗೇ ಉಣ್ಣಲು ಕೂತರೆ ಸಾಕು. ಆಮೇಲೆ ಈ ಹುಡುಗ ಎಲ್ಲಿ ಏನು ಮಾಡಿ ಬಂದರೂ ಸಾಕ್ಷಿ ಅವಳ ತಲೆಯಲ್ಲಿರುತ್ತದೆ.

"ನಾಳೆ ಕಾಲೇಜಿಗೆ ಹೋಗ್ತೀ?" ಎಂದು ಕೇಳಿದಳು.

"ಹೋಗ್ತೀನಿ."

"ಅವರ ಕೂಡ ಸೇರ್ತೀ ಏನು ಮತ್ತ?"

"ನೋಡೂಣು."

"ಪಿಸುಗುಟ್ಟು," ಎಂದಳು ಇಂದುಮತಿ.

ಅವ್ವ ಅವಳನ್ನು ಹೊಡೆಯುವಂತೆ ನೋಡಿದಳು. "ತಲಿ ನೆಟ್ಟಗೈತಿಲ್ಲೊ ನಿನಗ? ಮೂರು ವರ್ಷದ ಮ್ಯಾಲೆ ಬಾಯಿ ಬಿಟ್ಟಾನ."

"ಅಕ್ಕಾ, ನೀನಾ ಮಾತಾಡಂದಿ," ಎಂದ ದಾನೇಶ, ಅದೇ ಗಟ್ಟಿ ದನಿಯಲ್ಲಿ.

ಅವಳು ತಾಟು ಸರಿಸಿ ಎದ್ದು ಹಿತ್ತಲಿಗೆ ಹೋದಳು. ಗೋಡೆಯ ಆಚೆಯಿಂದಲೂ ಅವನ ದನಿ ಬರುತ್ತಿತ್ತು. ನಳವನ್ನು ಪೂರ್ತಿ ತಿರುಗಿಸಿದಳು. ತಾಮ್ರದ ಕೊಡದ ತಳಕ್ಕೆ ನೀರು ಬಡಿದು ದೊಡ್ಡ ಸದ್ದಾಯಿತು. ಅವನ ಮಾತು ಅದರಲ್ಲಿ ಮುಳುಗಿತು. ಕೊಡ ತುಂಬುತ್ತ ಬಂದಂತೆ ಸದ್ದು ಸಣ್ಣದಾಯಿತು. ಇನ್ನೊಂದು ಕೊಡ ಇಟ್ಟಳು. ಅದೂ ತುಂಬಿತು. ಒಳಗೆ ಅವ್ವ ನಗುತ್ತಿದ್ದಳು. ಮತ್ತೊಂದು ಇಟ್ಟಳು. ಖಾಲಿ ಕೊಡಗಳು ಮುಗಿದವು.

ಇಂದುಮತಿ ಮೊದಲು ತುಂಬಿಸಿದ ಕೊಡವನ್ನು ಎತ್ತಿ ಗಟಾರಕ್ಕೆ ಸುರಿದು, ಮತ್ತೆ ನಳದ ಕೆಳಗೆ ಇಟ್ಟಳು.